ಹುಲಿ ಸವಾರ, ಗೋಡೆ ಸವಾರ ಮತ್ತು ಬುಧವಾರದ ವೀರರು

ಯಮನೂರಿನ ಜಾತ್ರೆಯಲ್ಲಿ ಪಟಗಳ ಅಂಗಡಿಯ ಮುಂದೆ ನಿಂತಿದ್ದೆವು. ಜತೆಗೆ ತಂಗಿಯ ಮಗ, ಐದನೇ ತರಗತಿಯ ಹುಡುಗ. ಅವನ ಅಂಗಿಯ ಮೇಲೆ ಸ್ಪೈಡರ್‌ಮ್ಯಾನ್. ಅಂಗಡಿಯ ತಟ್ಟಿಗೆ ನೇತು ಹಾಕಿದ ಪಟದಲ್ಲಿ ಹುಲಿಯನ್ನೇರಿ, ಹಾವನ್ನೇ ಚಾಬೂಕು ಮಾಡಿಕೊಂಡು ಬರುತ್ತಿರುವ ರಾಜಾ ಬಾಗ್‌ಸವಾರ್. ಹುಡುಗ ಒಮ್ಮೆ ತನ್ನ ಎದೆಯನ್ನೂ ಒಮ್ಮೆ ಪಟವನ್ನೂ ನೋಡಿ ಕೇಳಿದ, "ಮಾಮೂ, ಇನೋ ದೋನೋ ಮೆಂ ಕೋನ್ ಜಾಸ್ತಿ ತಾಕತ್‌ವಾಲಾ?" ಇಬ್ಬರಲ್ಲಿ ಯಾರ ಶಕ್ತಿ ಹೆಚ್ಚು?

ನಾವು ಉತ್ತರ ಹುಡುಕುತ್ತಿರುವಾಗಲೇ ಅಂಗಡಿಯ ಅಜ್ಜಿ ಬಾಯಿ ಹಾಕಿದಳು. 'ತಾಕತ್ತು' ಎಂಬ ಮಾತೊಂದು ಆಕೆಗೆ ಸಾಕಾಗಿತ್ತು. "ಯಾರ ತಾಕತ್ತು ಕೇಳ್ತೀಯೋ ತಮ್ಮಾ? ಹುಲಿ ಮ್ಯಾಲ ಬಂದಾವರು ನಮ್ಮಪ್ಪ. ಗ್ವಾಡಿ ಮ್ಯಾಲ ಕುಂತಾವರನ್ನ ನೋಡಿ ಕೆಳಗ ಇಳದ್ರು. ಇಳದ್ರು ಅಂತನ ದೊಡ್ಡಾವರಾದ್ರು."

ಹುಡುಗ ಬಿಡಲಿಲ್ಲ. "ಹಂಗಾರ ಗ್ವಾಡಿ ಮ್ಯಾಲ ಕುಂತಾವರ ಪಟ ಎಲ್ಲೈತಿ?"

ಆ ಪಟ ಆ ಅಂಗಡಿಯಲ್ಲಿ ಇರಲಿಲ್ಲ. ಪಕ್ಕದ ಅಂಗಡಿಯಲ್ಲೂ ಇರಲಿಲ್ಲ. ಅಜ್ಜಿ ನಕ್ಕು, "ಗ್ವಾಡಿ ಪಟ ಯಾರ ತಗೋತಾರೋ" ಎಂದಳು.

ಸೂಪರ್‌ಹೀರೋ ಕಾಮಿಕ್ಸ್ ಬಗ್ಗೆ ನಾವು ಬಹಳ ದಿನಗಳಿಂದ ಬರೆಯಬೇಕೆಂದಿದ್ದ ಲೇಖನಕ್ಕೆ ಈ ಅಜ್ಜಿಯ ಮಾತು ದಾರಿ ಮಾಡಿಕೊಟ್ಟಿತು.

ಕಥೆ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಊರು. ಹೋಳಿಯ ದಿನಗಳಲ್ಲಿ ಇಲ್ಲಿ ಸೇರುವ ಜನ ಒಬ್ಬರನ್ನೇ ಎರಡು ಹೆಸರಿನಿಂದ ಕರೆಯುತ್ತಾರೆ. ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾ ಬಾಗ್‌ಸವಾರ್. ಬಾಗ್ ಎಂದರೆ ಹುಲಿ, ಸವಾರ್ ಎಂದರೆ ಏರಿದವರು. ಸಾವಿರದ ನಾನೂರು ವರ್ಷ ಬದುಕಿದ ಯೋಗಿ ಚಾಂಗದೇವ, ಎಳೆಯ ವಯಸ್ಸಿನ ಜ್ಞಾನೇಶ್ವರನ ಕೀರ್ತಿ ಕೇಳಿ ಪತ್ರ ಬರೆಯಲು ಕೂಡುತ್ತಾನೆ. ವಯಸ್ಸಿನಲ್ಲಿ ಚಿಕ್ಕವನು, ಆದ್ದರಿಂದ 'ಚಿರಂಜೀವಿ' ಎನ್ನಬೇಕೆ? ಜ್ಞಾನದಲ್ಲಿ ಹಿರಿಯನು, ಆದ್ದರಿಂದ 'ಪೂಜ್ಯರೇ' ಎನ್ನಬೇಕೆ? ತೀರ್ಮಾನವಾಗದೆ ಖಾಲಿ ಹಾಳೆಯನ್ನೇ ಕಳಿಸುತ್ತಾನೆ. ಆಮೇಲೆ ತನ್ನ ಶಕ್ತಿ ತೋರಿಸಲು ಹುಲಿಯೇರಿ ಹೊರಡುತ್ತಾನೆ. ಜ್ಞಾನೇಶ್ವರನೂ ಅವನ ಒಡಹುಟ್ಟಿದವರೂ ಆಗ ಒಂದು ಗೋಡೆಯ ಮೇಲೆ ಕುಳಿತಿದ್ದರಂತೆ. ಬರುವವರನ್ನು ಎದುರ್ಗೊಳ್ಳಬೇಕಲ್ಲ, ಆ ಗೋಡೆಯೇ ನಡೆದು ಮುಂದೆ ಬಂತು. ಜೀವವಿರುವ ಹುಲಿಯನ್ನು ಪಳಗಿಸಿದವನು ಜೀವವಿಲ್ಲದ ಗೋಡೆಯ ನಡಿಗೆ ಕಂಡು ಕೆಳಗಿಳಿದ.

ಪವಾಡ ನಡೆಯಿತೇ ಇಲ್ಲವೇ ಎಂಬ ಚರ್ಚೆ ಈ ಲೇಖನದ್ದಲ್ಲ. ದರ್ಗಾಗಳ ಆಚರಣೆಯ ಬಗ್ಗೆ ನಮ್ಮ ಓದುಗರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿರುವುದೂ ನಮಗೆ ಗೊತ್ತು. ಕಥೆಗಾರರಾದ ನಮ್ಮ ಆಸಕ್ತಿ ಕಥೆಯಲ್ಲಿ. ಇದು ಒಂದೇ ಊರಿನ ಕಥೆಯೂ ಅಲ್ಲ. ತುರ್ಕಿಯ ಅನಾತೋಲಿಯಾದಲ್ಲಿ ಹಾಜಿ ಬೆಕ್ತಾಶ್ ವಲಿಯ ಬಗ್ಗೆ ಇದನ್ನೇ ಹೇಳುತ್ತಾರೆ. ಅಲ್ಲಿ ಎದುರಾಳಿ ಸಿಂಹದ ಮೇಲೆ ಬರುತ್ತಾನೆ, ಕೈಯಲ್ಲಿ ಅದೇ ಹಾವಿನ ಚಾಬೂಕು. ಹಾಜಿ ಬೆಕ್ತಾಶರು ಕುಳಿತದ್ದು ಅದೇ ಗೋಡೆಯ ಮೇಲೆ. ಇತಿಹಾಸಕಾರ ಸೈಮನ್ ಡಿಗ್ಬಿ ಈ ಹುಲಿ-ಗೋಡೆಯ ಕಥೆಗಳ ಮೇಲೆ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಅಂದರೆ 'ಯಾರ ಶಕ್ತಿ ಹೆಚ್ಚು' ಎಂಬ ನಮ್ಮ ಹುಡುಗನ ಪ್ರಶ್ನೆಯನ್ನು ಜನ ಶತಮಾನಗಳಿಂದ ಕೇಳುತ್ತಲೇ ಬಂದಿದ್ದಾರೆ. ಹಳೆಯವರು ಕೊಟ್ಟ ಉತ್ತರ ಮಾತ್ರ ವಿಚಿತ್ರವಾಗಿದೆ. ಇಳಿಯಲು ಬಂದವನೇ ದೊಡ್ಡವನು.

ಇನ್ನು ನಮ್ಮ ಚಟದ ಮಾತಿಗೆ ಬರೋಣ. ಅಮೆರಿಕದ ಅಂಗಡಿಗಳಿಗೆ ಹೊಸ ಕಾಮಿಕ್ಸ್ ಬರುವುದು ಬುಧವಾರ. ನಡುವೆ 2020ರಲ್ಲಿ ಡಿಸಿ ಕಂಪನಿ ತನ್ನ ದಿನವನ್ನು ಮಂಗಳವಾರಕ್ಕೆ ಬದಲಿಸಿತ್ತು, 2024ರಲ್ಲಿ ಮತ್ತೆ ಬುಧವಾರಕ್ಕೇ ಮರಳಿತು. ವಾರ ವಾರ ಆ ಪಟ್ಟಿ ನೋಡುವುದು ನಮಗೆ ಅಂಟಿಕೊಂಡ ರೂಢಿ. ನಲವತ್ತು ದಾಟಿದ, ನಾಲ್ಕು ಜನರ ನಡುವೆ ಕಥೆಗಾರರೆಂದು ಕರೆಸಿಕೊಳ್ಳುವ ನಾವು ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಸಾಹಿತ್ಯದ ಸಭೆಗಳಲ್ಲಿ ಮಂಟೋ ಬಗ್ಗೆ ಮಾತನಾಡಿ ಮನೆಗೆ ಬಂದು ಸ್ಪೈಡರ್‌ಮ್ಯಾನ್ ಓದುವವರು ನಾವು.

ಚಿತ್ರಕಥೆಯನ್ನು ಪರದೇಶದ ಸರಕು ಎಂದು ಮೂಗು ಮುರಿಯುವವರಿಗೆ ಒಂದು ನೆನಪು. ಅಕ್ಬರ್ ಬಾದಶಹನ ಚಿತ್ರಶಾಲೆಯಲ್ಲಿ ಹದಿನಾರನೇ ಶತಮಾನದಲ್ಲಿ ಅಮೀರ್ ಹಮ್ಜಾನ ಸಾಹಸಗಳಿಗೆ ಸುಮಾರು 1400 ದೊಡ್ಡ ಚಿತ್ರಗಳನ್ನು ಬರೆಸಲಾಯಿತು. ಚಿತ್ರದ ಬೆನ್ನಿಗೆ ಕಥೆಯ ಬರಹ. ಆ ಹಮ್ಜಾನ ಜತೆಗಾರ ಉಮ್ರೋ ಅಯ್ಯಾರನನ್ನು ಉರ್ದು ಶಾಲೆಯಲ್ಲಿ ಓದಿದ ಯಾರೂ ಮರೆಯಲಾರರು. ಅವನ ಜಂಬೀಲ್ ಎಂಬ ಚೀಲದಲ್ಲಿ ಲೋಕವೇ ಹಿಡಿಸುತ್ತಿತ್ತು. ಜಿಪುಣ, ಪುಕ್ಕಲ, ಆದರೂ ಕೆಲಸ ಕೆಡದಂತೆ ನೋಡಿಕೊಳ್ಳುವವ. ನಮ್ಮ ಮೊದಲ ಸೂಪರ್‌ಹೀರೋ ಅವನೇ.

ಕನ್ನಡ ಶಾಲೆಯ ಗೆಳೆಯರು ನಮಗೆ ಬೇರೆ ವೀರರನ್ನು ಕೊಟ್ಟರು. 'ಸುಧಾ' ವಾರಪತ್ರಿಕೆಯಲ್ಲಿ ಬರುತ್ತಿದ್ದ ಫ್ಯಾಂಟಮ್‌ನನ್ನು ಓದಲು ನಾವು ಸರದಿ ಹಚ್ಚುತ್ತಿದ್ದೆವು. ಇಂದು ಓದಿದರೆ ಅವನು ಕಸಿವಿಸಿ ಮಾಡುತ್ತಾನೆ. 1936ರಲ್ಲಿ ಲೀ ಫಾಕ್ ಸೃಷ್ಟಿಸಿದ ಈ ಬಿಳಿಯ ಮನುಷ್ಯ ತಲೆಮಾರುಗಳಿಂದ ಕಾಡಿನಲ್ಲೇ ಇದ್ದಾನೆ. ಅವನಿಲ್ಲದೆ ಕಾಡಿನ ಕರಿಯ ಜನರಿಗೆ ನ್ಯಾಯವೂ ಇಲ್ಲ, ನೆಮ್ಮದಿಯೂ ಇಲ್ಲ. ಅವನು ಹುಲಿಯ ಮೇಲಿಂದ ಒಂದು ದಿನವೂ ಇಳಿದವನಲ್ಲ.

'ಬಾಲಮಂಗಳ'ದ ಡಿಂಗ ಬೇರೆ ಜಾತಿಯವನು. 1983ರಲ್ಲಿ ಮಲಯಾಳದ 'ಬಾಲಮಂಗಳಂ'ನಲ್ಲಿ ಡಿಂಕನ್ ಆಗಿ ಹುಟ್ಟಿ ಕನ್ನಡಕ್ಕೆ ಬಂದ ಈ ಇಲಿಮರಿ ಮೊದಲು ಕಾಡಿಗೆಲ್ಲ ಉಪದ್ರವ ಕೊಡುತ್ತಿದ್ದ ತುಂಟ. ಬೇರೆ ಗ್ರಹದವರು ಎತ್ತಿಕೊಂಡು ಹೋಗಿ ಪ್ರಯೋಗ ಮಾಡಿದ ಮೇಲೆ ಶಕ್ತಿ ಬಂತು. ಶಕ್ತಿ ಬಂದವನು ತನ್ನ ಕಾಡಿಗೇ ಮರಳಿ, ತಾನು ಕಾಡಿದವರನ್ನೇ ಕಾಯತೊಡಗಿದ. ಆನೆಯಿಲ್ಲ, ಸಿಂಹವಿಲ್ಲ, ಇಲಿ! ಕಾಡಿನಲ್ಲಿ ಎಲ್ಲರಿಗಿಂತ ಸಣ್ಣವನ ಕೈಗೆ ಶಕ್ತಿ ಕೊಟ್ಟದ್ದರಲ್ಲೇ ಆ ಕಥೆಯ ಜಾಣತನವಿತ್ತು.

ಮೂರನೆಯವನು ಬಹಾದುರ್. 1976ರಲ್ಲಿ ಇಂದ್ರಜಾಲ್ ಕಾಮಿಕ್ಸ್‌ಗಾಗಿ ಅವನನ್ನು ಸೃಷ್ಟಿಸಿದವರು ಗುಜರಾತಿ ಮತ್ತು ಹಿಂದಿಯ ಲೇಖಕ ಆಬಿದ್ ಸುರತಿ. 1964ರಲ್ಲಿ ಆರಂಭವಾದ ಇಂದ್ರಜಾಲ್ 1990ರಲ್ಲಿ ನಿಂತು ಹೋಯಿತು. ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಅದರ ಹಿಂದಿ ಸಂಚಿಕೆಗಳು ನಮಗೆ ಸಿಕ್ಕಿದ್ದು ಅದರ ಮೇಲೆಯೇ. ಬಹಾದುರ್‌ನ ತಂದೆ ಡಕಾಯಿತ, ಪೊಲೀಸರ ಗುಂಡಿಗೆ ಬಲಿಯಾದವ. ಆ ಗುಂಡು ಹಾರಿಸಿದ ಅಧಿಕಾರಿಯೇ ಹುಡುಗನನ್ನು ಸಾಕುತ್ತಾನೆ. ಸೇಡು ತೀರಿಸಿಕೊಳ್ಳಲು ಹೊರಟವನು ಕೊನೆಗೆ ಊರವರನ್ನೇ ಕೂಡಿಸಿ ನಾಗರಿಕ ಸುರಕ್ಷಾ ದಳ ಕಟ್ಟುತ್ತಾನೆ. ಹಾರಲು ಬಾರದು, ಮುಖವಾಡವಿಲ್ಲ, ಮೇಲೆ ಕುರ್ತಾ ಕೆಳಗೆ ಜೀನ್ಸ್. ಒಬ್ಬನೇ ಎಲ್ಲರನ್ನೂ ಉಳಿಸುವವನಲ್ಲ, ಎಲ್ಲರೂ ತಮ್ಮನ್ನು ತಾವೇ ಕಾಯಲು ಕಲಿಸುವವನು. ಮುಸ್ಲಿಂ ಲೇಖಕ ಒಬ್ಬರು ಡಕಾಯಿತ ಭೈರವ ಸಿಂಗನ ಮಗನನ್ನು ದೇಶದ ಮಕ್ಕಳಿಗೆ ಗೆಳೆಯನನ್ನಾಗಿ ಕೊಟ್ಟರು. ಬರೆದವರ ಹೆಸರೇನೆಂದು ನಾವು ಆಗ ನೋಡಲೂ ಇಲ್ಲ. ಅದೇ ಆಬಿದ್ ಸುರತಿ 2007ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಭಾನುವಾರಗಳಂದು ಒಬ್ಬ ಪ್ಲಂಬರನನ್ನು ಜತೆಗೆ ಕರೆದುಕೊಂಡು ಮುಂಬಯಿ ಹತ್ತಿರದ ಮೀರಾ ರೋಡಿನ ಮನೆ ಮನೆಗೆ ಹೋಗಿ ಸೋರುವ ನಲ್ಲಿಗಳನ್ನು ಪುಕ್ಕಟೆಯಾಗಿ ದುರಸ್ತಿ ಮಾಡಿಸಲು ಹೊರಟರು. ಬಹಾದುರ್‌ನನ್ನು ಬರೆದವರು ಬಹಾದುರ್‌ನ ಹಾಗೆಯೇ ಓಣಿಗೆ ಇಳಿದರು.

ಈ ಅಳತೆಗೋಲು ಹಿಡಿದೇ ನಾವು ಈಚಿನ ಬುಧವಾರಗಳು ತಂದ ವೀರರನ್ನು ನೋಡುವುದು. ಇವರು ಹುಲಿಯ ಮೇಲಿಂದ ಇಳಿಯುತ್ತಾರೆಯೇ?

ಮೊದಲು ಸ್ಪೈಡರ್‌ಮ್ಯಾನ್. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಬರೆದು ಮಾರ್ಕೊ ಚೆಕೆಟ್ಟೊ ಚಿತ್ರ ಬಿಡಿಸಿದ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಆರಂಭವಾಯಿತು. ಇದರಲ್ಲಿ ಪೀಟರ್ ಪಾರ್ಕರ್ ಹೈಸ್ಕೂಲು ಹುಡುಗನಲ್ಲ. ಮೂವತ್ತು ದಾಟಿದ ಗೃಹಸ್ಥ, ಹೆಂಡತಿ ಮತ್ತು ಇಬ್ಬರು ಮಕ್ಕಳ ಸಂಸಾರ. ಹದಿಹರೆಯದಲ್ಲಿ ಸಿಗಬೇಕಿದ್ದ ಶಕ್ತಿ ಸಿಗದೆಯೇ ಅರ್ಧ ಆಯುಷ್ಯ ಕಳೆದಿದೆ. ಏನೋ ತಪ್ಪಿಹೋಗಿದೆ ಎಂಬ ಕೊರಗು, ಏನೆಂದು ಗೊತ್ತಿಲ್ಲ. ನಮ್ಮ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಜೇಡ ಆಕಸ್ಮಿಕವಾಗಿ ಕಚ್ಚುವುದಿಲ್ಲ. ಬೇಕೆಂದರೆ ತೆಗೆದುಕೋ, ಬೇಡವಾದರೆ ಬಿಡು ಎಂಬಂತೆ ಶಕ್ತಿ ಅವನ ಮುಂದೆ ಬರುತ್ತದೆ. ತೆಗೆದುಕೊಂಡ ಮೇಲೂ ಊಟಕ್ಕೆ ಮನೆಗೆ ಬರಬೇಕು, ಹೆಂಡತಿಗೆ ಹೇಳಬೇಕು, ಮಕ್ಕಳಿಗೆ ಉತ್ತರ ಕೊಡಬೇಕು. ಹೊಡೆದಾಟಕ್ಕಿಂತ ಊಟದ ಮೇಜಿನ ಮಾತುಗಳೇ ಈ ಕಾಮಿಕ್ಸಿನಲ್ಲಿ ನಮಗೆ ಹೆಚ್ಚು ಹಿಡಿಸಿದವು. ದಿನವೂ ಮನೆಯ ಬಾಗಿಲಲ್ಲಿ ಹುಲಿಯಿಂದ ಇಳಿದು ಒಳಗೆ ಬರುವ ವೀರ ಇವನು. ನಿಧಾನ ಹೆಚ್ಚು, ಕೆಲವು ಸಂಚಿಕೆಗಳಲ್ಲಿ ಏನೂ ನಡೆಯುವುದಿಲ್ಲ ಎಂಬ ದೂರು ನ್ಯಾಯವೇ. ಆದರೂ ಇದನ್ನು ಹುಡುಗನ ಕೈಗೆ ಕೊಡಲು ನಮಗೆ ಸಂಕೋಚವಿಲ್ಲ.

ಎರಡನೆಯದು 'ಅಬ್ಸಲ್ಯೂಟ್ ಬ್ಯಾಟ್‌ಮನ್', 2024ರ ಅಕ್ಟೋಬರಿನದು. ಬರಹ ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೊಟ್ಟ. ಎಂಬತ್ತೈದು ವರ್ಷಗಳಿಂದ ಬ್ಯಾಟ್‌ಮನ್ ಎಂದರೆ ಕೋಟ್ಯಧೀಶ, ಬಂಗಲೆ, ಕೆಲಸದಾಳು. ಸ್ನೈಡರ್ ಅದನ್ನೆಲ್ಲ ಕಿತ್ತುಹಾಕಿದ್ದಾರೆ. ಇಲ್ಲಿ ಬ್ರೂಸ್ ವೇನ್ ಶಾಲಾ ಮಾಸ್ತರನ ಮಗ, ದುಡಿದು ತಿನ್ನುವ ಎಂಜಿನಿಯರ್. ತಾಯಿ ಬದುಕಿದ್ದಾಳೆ. ಜೋಕರ್‌ನೇ ಶ್ರೀಮಂತ. ಹಣವಂತ ಬಡ ಕಳ್ಳರನ್ನು ಹೊಡೆಯುವ ಕಥೆಯಲ್ಲಿ ನ್ಯಾಯ ಎಲ್ಲಿದೆ ಎಂದು ನಾವು ಹುಡುಗರಾಗಿದ್ದಾಗಲೇ ಕೇಳಿದ್ದುಂಟು. ಆ ಪ್ರಶ್ನೆಗೆ ತಡವಾಗಿಯಾದರೂ ಇಲ್ಲಿ ಉತ್ತರ ಬಂದಿದೆ.

ಆದರೆ ನಮ್ಮ ತಕರಾರೂ ಇಲ್ಲೇ. ಬಂಗಲೆಯಿಂದ ಇಳಿಸಿದ ಬ್ಯಾಟ್‌ಮನ್‌ನನ್ನು ಚಿತ್ರಕಾರ ಮೈಕಟ್ಟಿನಲ್ಲಿ ಮತ್ತೆ ಮೇಲೇರಿಸಿದ್ದಾರೆ. ಭುಜಗಳು ಬಾಗಿಲಲ್ಲಿ ಹಿಡಿಸುವುದಿಲ್ಲ, ಎದೆಯ ಮೇಲಿನ ಬಾವಲಿಯ ಗುರುತನ್ನು ಕಿತ್ತರೆ ಕೊಡಲಿ. ಹಣ ಹೋದ ಜಾಗವನ್ನು ಮಾಂಸಖಂಡ ತುಂಬಿದೆ. ಬಡವನಿಗೆ ಸಿಟ್ಟು ಮತ್ತು ತೋಳು ಬಿಟ್ಟರೆ ಬೇರೆ ಶಕ್ತಿಯೇ ಇಲ್ಲವೇ? ಓಣಿಯ ಜನ, ಒಕ್ಕಟ್ಟು, ಬುದ್ಧಿ? ಬ್ರೂಸ್‌ಗೆ ಬಾಲ್ಯದ ಗೆಳೆಯರ ಒಂದು ಗುಂಪಿದೆ. ಆ ಗುಂಪಿನ ಪುಟಗಳು ಬಂದಾಗ ಕಥೆಗೆ ಜೀವ ಬರುತ್ತದೆ, ಕೊಡಲಿ ಬಂದಾಗ ಸದ್ದು ಮಾತ್ರ ಬರುತ್ತದೆ. ಮಾರಾಟವಾಗುವ ಪಟ ಯಾವುದೆಂದು ಯಮನೂರಿನ ಅಜ್ಜಿಯ ಹಾಗೆ ಪ್ರಕಾಶಕರಿಗೂ ಗೊತ್ತು.

ಮೂರನೆಯವಳ ಬಗ್ಗೆ ನಾವು ನಿಷ್ಪಕ್ಷಪಾತವಾಗಿ ಬರೆಯಲಾರೆವು. ಕಮಲಾ ಖಾನ್, ಅಂದರೆ ಮಿಸ್ ಮಾರ್ವೆಲ್. 2013ರಲ್ಲಿ ಮೊದಲು ಕಾಣಿಸಿಕೊಂಡು 2014ರಲ್ಲಿ ತನ್ನದೇ ಕಾಮಿಕ್ಸ್ ಪಡೆದ ಹದಿನಾರರ ಹುಡುಗಿ, ನ್ಯೂಜೆರ್ಸಿಯ ಪಾಕಿಸ್ತಾನಿ ಮೂಲದ ಮುಸ್ಲಿಂ ಮನೆಯ ಮಗಳು. ಬರೆದವರು ಜಿ. ವಿಲ್ಲೋ ವಿಲ್ಸನ್, ಸಂಪಾದಕಿ ಸನಾ ಅಮಾನತ್, ಚಿತ್ರ ಏಡ್ರಿಯನ್ ಅಲ್ಫೋನ. ಮೊದಲ ಸಂಪುಟಕ್ಕೆ 2015ರ ಹ್ಯೂಗೋ ಪ್ರಶಸ್ತಿ ಬಂತು. ಕಮಲಾ ಸ್ವತಃ ಸೂಪರ್‌ಹೀರೋಗಳ ಅಭಿಮಾನಿ, ನಮ್ಮ ಹಾಗೆ. ಶಕ್ತಿ ಬಂದ ಕೂಡಲೇ ಅವಳ ಮೈ ತಾನಾಗಿಯೇ ಹೊಂಬಣ್ಣದ ಕೂದಲಿನ ಬಿಳಿ ಹೆಣ್ಣಿನ ರೂಪ ತಾಳುತ್ತದೆ, ಏಕೆಂದರೆ ವೀರರು ಹಾಗಿರುತ್ತಾರೆಂದೇ ಅವಳ ತಿಳಿವಳಿಕೆ. ಆ ಪುಟ ಓದಿದಾಗ ನಾವು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆವು. ಟವೆಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಮಾಳಿಗೆಯಿಂದ ಮಾಳಿಗೆಗೆ ಜಿಗಿಯುವಾಗ ನಾವು ಕೂಡ ನಮ್ಮ ಹೆಸರನ್ನು ಬದಲಿಸಿಕೊಳ್ಳುತ್ತಿದ್ದೆವಲ್ಲ! ನಮ್ಮ ಹೆಸರಿನವರು ಆಗ ಆ ಪುಟಗಳಲ್ಲಿ ಇದ್ದರೆ ದರೋಡೆಕೋರರಾಗಿಯೋ ದೀಪದೊಳಗಿನ ಭೂತವಾಗಿಯೋ ಇರುತ್ತಿದ್ದರು.

ಕಮಲಾ ಮೊದಲು ಉಳಿಸುವುದು ಲೋಕವನ್ನಲ್ಲ, ನೀರಿಗೆ ಬಿದ್ದ ಸಹಪಾಠಿಯನ್ನು. ಅದೂ ತನ್ನನ್ನು ಗೇಲಿ ಮಾಡಿದವಳನ್ನು. ಆಗ ಅವಳ ನೆನಪಿಗೆ ಬರುವುದು ಒಂದು ಜೀವ ಉಳಿಸುವುದರ ಬೆಲೆಯನ್ನು ಹೇಳುವ, ತಂದೆಯ ಬಾಯಲ್ಲಿ ಕೇಳಿದ ಖುರ್‌ಆನಿನ ವಚನ. ಮುಂದೆ ಮಸೀದಿಯ ಶೇಖ್ ಸಾಹೇಬರ ಹತ್ತಿರ ಅರ್ಧ ಸತ್ಯ ಹೇಳಿ ನಿಂತಾಗ ಅವರು ಗದರಿಸುವುದಿಲ್ಲ, ಒಬ್ಬ ಗುರುವನ್ನು ಹುಡುಕಿಕೋ ಎನ್ನುತ್ತಾರೆ. ನಮ್ಮ ಕಥೆಗಳಲ್ಲಿ ಮೌಲ್ವಿ ಎಂದರೆ ಒಂದೋ ಸಂತ, ಇಲ್ಲವೇ ಖಳ. ಇಂಥ ಒಬ್ಬ ಸಾಧಾರಣ ಒಳ್ಳೆಯ ಮನುಷ್ಯನನ್ನು ಅಮೆರಿಕದ ಕಾಮಿಕ್ಸಿನಲ್ಲಿ ಕಾಣಬೇಕಾಯಿತು.

ಅಂಥವಳನ್ನು ಪ್ರಕಾಶಕರು ಏನು ಮಾಡಿದರು? 2023ರ ಮೇ ತಿಂಗಳಲ್ಲಿ 'ಅಮೇಜಿಂಗ್ ಸ್ಪೈಡರ್‌ಮ್ಯಾನ್'ನ 26ನೇ ಸಂಚಿಕೆಯಲ್ಲಿ ಕೊಂದರು. ತನ್ನ ಕಾಮಿಕ್ಸಿನಲ್ಲಲ್ಲ, ಇನ್ನೊಬ್ಬರ ಕಥೆಯ ಕೊನೆಯಲ್ಲಿ, ಇನ್ನೊಬ್ಬ ಹೆಣ್ಣಿನ ರೂಪ ಧರಿಸಿ ಅವಳ ಬದಲಿಗೆ ಸತ್ತಳು. ಹತ್ತು ವರ್ಷದ ಹಿಂದೆ ಬಿಟ್ಟುಬಂದಿದ್ದ ಪರರ ಮುಖವನ್ನೇ ಸಾಯುವಾಗ ಅವಳಿಗೆ ತೊಡಿಸಿದರು. ಎರಡು ತಿಂಗಳಲ್ಲಿ ಮತ್ತೆ ಬದುಕಿಸಿದರು, ಅವಳಿದ್ದ ಸಿನಿಮಾ ಅದೇ ನವೆಂಬರಿನಲ್ಲಿ ಬರುವುದಿತ್ತು. ಆಮೇಲೆ ತೆರೆಯ ಮೇಲೆ ಕಮಲಾ ಆಗಿದ್ದ ಇಮಾನ್ ವೆಲ್ಲಾನಿ ತಾನೇ ಸಬೀರ್ ಪಿರ್ಜಾದಾರೊಂದಿಗೆ ಅವಳ ಮುಂದಿನ ಕಥೆ ಬರೆದದ್ದು ಸಮಾಧಾನದ ಸಂಗತಿ. ಆದರೂ ಗಾಯ ಗಾಯವೇ. ಸಾವೂ ಮರುಹುಟ್ಟೂ ವಾರದ ಸರಕಾದರೆ ಓದುವ ಮಗುವಿಗೆ ಸಾವೂ ನಾಟುವುದಿಲ್ಲ, ತ್ಯಾಗವೂ ನಾಟುವುದಿಲ್ಲ. ಬುಧವಾರದ ಪಟ್ಟಿಯ ದೊಡ್ಡ ರೋಗವಿದು. ಪ್ರತಿ ವಾರ ಹಿಂದಿನದಕ್ಕಿಂತ ದೊಡ್ಡ ಹುಲಿ ಬೇಕು, ಆದ್ದರಿಂದ ಯಾರನ್ನೂ ಇಳಿಯಗೊಡುವುದಿಲ್ಲ.

ಇಷ್ಟೆಲ್ಲ ಪರರ ಮೇಲೆ ಹೇಳಿ ನಮ್ಮ ಕಡೆ ನೋಡದಿದ್ದರೆ ನ್ಯಾಯವಾಗದು. ಒಂದು ಸಂಚಿಕೆಗೆ ನಾಲ್ಕೈದು ಡಾಲರ್, ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿಗೂ ಮೇಲೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಒಂದು ದಿನದ ಬೆವರಿಗೆ ಇಪ್ಪತ್ತು-ಮೂವತ್ತು ಪುಟದ ಇಂಗ್ಲಿಷ್ ಕಥೆ! ನವಲಗುಂದ ತಾಲ್ಲೂಕಿನ ಹುಡುಗನಿಗೆ ಸ್ಪೈಡರ್‌ಮ್ಯಾನ್ ಸಿಗುವುದು ಅಂಗಿಯ ಮೇಲೆ ಮಾತ್ರ, ಕಥೆಯಲ್ಲಿ ಅಲ್ಲ. ಕಥೆಯಿಲ್ಲದೆ ಪಟ ಮಾತ್ರ ಕೊಟ್ಟರೆ 'ಯಾರ ಶಕ್ತಿ ಹೆಚ್ಚು' ಎಂದಲ್ಲದೆ ಅವನು ಇನ್ನೇನು ಕೇಳಿಯಾನು?

ಕನ್ನಡಕ್ಕೆ ಈ ಕಲೆ ಹೊಸದಲ್ಲ. 'ಅಮರ ಚಿತ್ರ ಕಥೆ'ಯ ಮೊದಲ ಪುಸ್ತಕಗಳು 1965ರ ಸುಮಾರಿಗೆ ಬೆಂಗಳೂರಿನಲ್ಲಿ, ಜಿ.ಕೆ. ಅನಂತರಾಮ್ ಅವರ ಯೋಚನೆಯಂತೆ ಹೊರಬಂದದ್ದು ಕನ್ನಡದಲ್ಲಿ. ಇಂಗ್ಲಿಷ್ ಸರಣಿ 11ನೇ ಸಂಖ್ಯೆಯಿಂದ ಆರಂಭವಾದದ್ದು ಅದಕ್ಕೇ. ಮೊದಲ ಹತ್ತು ನಮ್ಮವು. ಅಲ್ಲಿಂದ ಮುಂದೆ ನಾವು ಕಥೆಗಾರರು ಏನು ಮಾಡಿದೆವು? ಕಾಮಿಕ್ಸ್ ಎಂದರೆ ಮಕ್ಕಳಾಟ ಎಂದೆವು. ಈ ಲೇಖಕರೂ ಅದೇ ಸಾಲಿನವರು. ಇಷ್ಟು ವರ್ಷ ಕಥೆ ಬರೆದಿದ್ದೇವೆ. ತಲಾಕ್ ಬಗ್ಗೆ ಬರೆದೆವು, ಗಲಭೆಯ ಬಗ್ಗೆ ಬರೆದೆವು, ಬಡತನದ ಬಗ್ಗೆ ಬರೆದೆವು. ಹತ್ತು ವರ್ಷದ ಹುಡುಗನೊಬ್ಬ ಗೆಳೆಯನಾಗಲಿ ಎಂದು ಆಸೆ ಪಡುವಂಥ ಒಂದು ಪಾತ್ರವನ್ನೂ ಬರೆಯಲಿಲ್ಲ. ನಮ್ಮ ಮಕ್ಕಳು ಪರರ ವೀರರನ್ನು ಎದೆಯ ಮೇಲೆ ಹೊತ್ತರೆ ದೂರು ಹೇಳಲು ನಮಗೆ ಬಾಯಿಯಿಲ್ಲ.

ಜಾತ್ರೆಯಿಂದ ಮರಳಿದ ರಾತ್ರಿ ಹುಡುಗನಿಗೆ ಕಥೆಯನ್ನು ಪೂರ್ತಿ ಹೇಳಿದೆವು. ಖಾಲಿ ಪತ್ರದ ಸಂಗತಿಗೆ ಅವನು ಬಹಳ ನಕ್ಕ. ಆಮೇಲೆ ವಹಿಯ ಹಿಂದಿನ ಪುಟ ತೆಗೆದು ಅಂಗಡಿಯಲ್ಲಿ ಸಿಗದ ಪಟವನ್ನು ತಾನೇ ಬರೆಯಲು ಕುಳಿತ. ಮೂರು ನಾಲ್ಕು ಜನ ಗೋಡೆಯ ಮೇಲೆ ಸಾಲಾಗಿ ಕುಳಿತಿದ್ದಾರೆ, ಕಾಲು ಇಳಿಬಿಟ್ಟಿದ್ದಾರೆ. ಗೋಡೆಯ ಒಂದು ಬದಿ ಕುಸಿದಿದೆ. ಏಕೆ ಹಾಗೆ ಬರೆದೆ ಎಂದು ಕೇಳಿದರೆ, ಹಿತ್ತಲಿನ ಗೋಡೆ ಹಾಗೇ ಇದೆಯಲ್ಲ ಎಂದ. 2019ರ ಆಗಸ್ಟಿನಲ್ಲಿ ಬೆಣ್ಣೆಹಳ್ಳ ಉಕ್ಕಿ ಬಂದಾಗ ಬಿದ್ದ ಮಣ್ಣಿನ ಗೋಡೆ ಅದು, ಇನ್ನೂ ಕಟ್ಟಿಸುವುದಾಗಿಲ್ಲ. ಅವನು ಕಂಡ ಗೋಡೆ ಅದೊಂದೇ.

"ಇದು ನಡೆಯುತ್ತದೆಯೇ?" ಎಂದೆವು.

"ಮೊದಲು ಕಟ್ಟಬೇಕು ಮಾಮೂ, ಆಮೇಲೆ" ಎಂದು ಹೇಳಿ ಬಣ್ಣ ಹಚ್ಚತೊಡಗಿದ.